ಫೋಕಸ್ ಕೆಡಿಸಿದವಳು

ಮೈಕು ಕುಯ್ಯೆಂದಿತು, ಯಾರೋ ಅದರ ತಲೆಗೆ ಬಡಿದರು, ಸನ್ಮಾನದ ಶಾಲಿನ ಜರಿಯಂಚು ಫ್ಯಾನಿನ ಗಾಳಿಗೆ ಎದ್ದು ಸುನೀಲನ ಗಲ್ಲಕ್ಕೆ ತಾಗುತ್ತಿದೆ, ಅವನು ಸರಿಸುತ್ತಿಲ್ಲ, ಸರಿಸಿದರೆ ಫೋಟೋ ಕೆಡುತ್ತದೆಂದು ತಾನೇ ಮದುವೆ ಫೋಟೋ ತೆಗೆಯುವವನಿಗೆ ಗೊತ್ತಲ್ಲ — ಕೋಟೆ ಪಟ್ಟಣದ ಸಮುದಾಯ ಭವನದ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಂದಿತಾ, ಪಕ್ಕದಲ್ಲಿ ಅತ್ತೆ ಪುಟ್ಟಮಾದಮ್ಮ, ವೇದಿಕೆಯ ಮೇಲೆ ಗಂಡ ಸುನೀಲ, ಅವನ ಹಿಂದಿನ ಬ್ಯಾನರಿನಲ್ಲಿ ಉಂಗುರ ತೊಟ್ಟ ಶನಿ, ಶನಿ ಯಾಕೆ, ನಾವು ಹಿಡಿದದ್ದು ಶನಿಯನ್ನಲ್ಲ, ಬೇರೊಂದು ನಕ್ಷತ್ರವನ್ನು ಸುತ್ತುವ ಗ್ರಹ, ಯಾರ ಕಣ್ಣಿಗೂ ಬೀಳದ್ದು, ಅದು ಮುಂದೆ ಹಾದಾಗ ನಕ್ಷತ್ರದ ಬೆಳಕು ನೂರಕ್ಕೆ ಎರಡು ಪಾಲು ಕುಗ್ಗುತ್ತದೆ, ಅಷ್ಟೇ ಸಾಕ್ಷಿ. ನಾವು! ಇನ್ನೂ ನಾವು ಅಂತಲೇ ಬರುತ್ತದೆ ಬಾಯಿಗೆ. ಕ್ಯಾಮೆರಾ ಅವನದು, ಹೌದು, ಉದ್ದನೆಯ ಲೆನ್ಸೂ ಅವನದೇ, ಆದರೆ ಫೋಕಸ್ ಸ್ವಲ್ಪ ಕೆಡಿಸಿ ಅಂದವಳು ಯಾರು, ನಕ್ಷತ್ರ ಚೂಪಾಗಿದ್ರೆ ಬೆಳಕು ಸರಿಯಾಗಿ ಅಳೆಯೋಕಾಗಲ್ಲ ರೀ, ಹರಡ್ಬೇಕು — ಮದ್ವೇಲಿ ಇಂಗೆ ತೆಗುದ್ರೆ ಎಣ್ಣಿನ ಕಡೆಯೋರು ಒಡೀತಾರೆ ಕಣೆ, ಎಂದು ನಕ್ಕಿದ್ದ, ಅಂತರಸಂತೆಯ ಮನೆಯ ತಾರಸಿ, ಕಾಡಿನ ಕಡೆಯ ಗಾಳಿ, ತನ್ನ ಸ್ವೆಟರನ್ನು ಅವಳ ಹೆಗಲಿಗೆ ಹೊದಿಸಿದ್ದ, ಎಷ್ಟು ಒಳ್ಳೆಯವನಾಗಿದ್ದ, ಅದೇ ಸಂಕಟ, ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು.

ಒಂದೊಂದೇ ಚಿತ್ರ ತೆರೆದು ಅಕ್ಕಪಕ್ಕದ ನಕ್ಷತ್ರಗಳ ಜೊತೆ ಬೆಳಕು ಹೋಲಿಸಿದವಳು, ಕಂಪ್ಯೂಟರಿನಲ್ಲಿ ಬೆಳಕಿನ ಅಳತೆಯ ಚುಕ್ಕಿಗಳ ಸಾಲು ಹಳ್ಳ ದಾಟುವ ದಾರಿಯ ಹಾಗೆ ಇಳಿದು ಮತ್ತೆ ಏರಿದ್ದನ್ನು ಕಂಡು ಮಲಗಿದ್ದವನನ್ನು ಅಲುಗಾಡಿಸಿದವಳು, ರೀ, ಸಿಕ್ತು ರೀ! ಪತ್ರಿಕೆಯವರು ಬಂದಾಗ ಒಳಗೆ ಕಾಫಿ ಸೋಸುತ್ತಿದ್ದಳು, ತರುವಷ್ಟರಲ್ಲಿ ಮಾತು ಮುಗಿದಿತ್ತು, ಅಚ್ಚಾದದ್ದು ಅವನ ಹೆಸರೊಂದೇ. ಗಂಡನ್ ಎಸ್ರು ಬಂದ್ರೆ ನಿಂದೂ ಬಂದಂಗೇ ಅಲ್ವೇನವ್ವ, ಬುಡು, ಅಂದಿದ್ದರು ಅತ್ತೆ. ಈಗ ಮೈಕಿನವನು, ರಾತ್ರಿಯೆಲ್ಲ ಟೀ ಕಾಯಿಸಿಕೊಟ್ಟು ಸಹಕರಿಸಿದ ಶ್ರೀಮತಿಯವರಿಗೂ ಒಂದು ಚಪ್ಪಾಳೆ — ಟೀ, ಆ ಮನೆಯಲ್ಲಿ ಟೀ ಕುಡಿಯುವವರೇ ಇಲ್ಲ.

ಹಿಂದೆ ಯಾರೋ ಎದ್ದರು, ನಿವೃತ್ತ ಮೇಷ್ಟ್ರು ಶಿವನಂಜಪ್ಪ, ಅಲ್ಲ ಕಣಪ್ಪ ಸುನೀಲ, ಮೋಡ ಅಡ್ಡ ಬಂದ್ರೂ ಬೆಳಕು ಕಮ್ಮಿಯಾಯ್ತದಲ್ಲ, ಅದು ಗ್ರಹವೇ ಅಂತ ಎಂಗ್ ಗೊತ್ತಾಯ್ತು? ಮೋಡವಾದರೆ ಪಕ್ಕದವೂ ಮಂಕಾಗುತ್ತವೆ ಸಾರ್, ಅವತ್ತು ಇದೊಂದೇ ಮಂಕಾಯಿತು — ಉತ್ತರ ಅವಳ ನಾಲಿಗೆಯ ತುದಿಯಲ್ಲಿ, ಸುನೀಲನ ಕಣ್ಣು ಅವಳನ್ನು ಹುಡುಕಿತು, ಕಂಡಿತು, ನಂದಿತಾ ಬಾ ಅನ್ನಲಿ, ಹೆಸರು ಹಿಡಿದು ಕರೆಯಲಿ, ಅಷ್ಟೇ ಸಾಕು, ಓಡಿಹೋಗುತ್ತೇನೆ, ಎಲ್ಲ ಮರೆತುಬಿಡುತ್ತೇನೆ — ಅವನು ಗಂಟಲು ಸರಿಮಾಡಿಕೊಂಡ. ಫೋಕಸ್ ಚೆನ್ನಾಗ್ ಕೂರಿಸಿದ್ರೆ ಕಾಣುತ್ತೆ ಸಾರ್, ಸಣ್ಣಗೆ, ಕೆಂಪಗೆ. ಮೇಷ್ಟ್ರು ತಲೆದೂಗಿ ಕೂತರು, ಭವನವಿಡೀ ಚಪ್ಪಾಳೆ, ಅತ್ತೆ ಮೊಣಕೈಯಿಂದ ತಿವಿದರು, ಕಾಣುತ್ತಂತೆ, ಕೆಂಪಗೆ, ಅವಳ ಕೈಗಳು ಮಡಿಲಿಂದ ಎದ್ದವು, ತಟ್ಟುತ್ತಿವೆ, ಎಲ್ಲರೂ ನಿಲ್ಲಿಸಿದರು, ಜನ ತಿರುಗಿ ನೋಡುತ್ತಿದ್ದಾರೆ, ತಟ್ಟುತ್ತಿವೆ, ಅವಳವೇ ಕೈಗಳು, ತಟ್ಟುತ್ತಲೇ ಇವೆ