ಮೂರನೇ ಸೂಜಿ

ಎತ್ತಿದ ರಭಸಕ್ಕೆ ಚಟ್ಟ ಮೇಲಕ್ಕೆ ಚಿಮ್ಮಿಬಿಟ್ಟಿತು. ಹೊತ್ತವರು ಆಟೋನಗರದ ಮೆಕ್ಯಾನಿಕ್‌ಗಳು, ಲಾರಿ ಇಂಜಿನ್ ಇಳಿಸಿ ಪಳಗಿದ ಹೆಗಲುಗಳು. ಅಣ್ಣಪ್ಪ ಇಷ್ಟು ಹಗುರಾಗಿರುತ್ತಾನೆಂದು ಯಾರೂ ಎಣಿಸಿರಲಿಲ್ಲ.

“ಮೆಲ್ಲಗ್ರೋ! ಹಾರಿಗೀರಿ ಹೋದಾನು,” ಎಂದ ದಿನಕರ, ಅಣ್ಣಪ್ಪನ ಜೊತೆಯ ಡ್ರೈವರ್. ಅಳುತ್ತಿದ್ದವರೂ ನಕ್ಕರು.

ಸುಲೋಚನಾಳಿಗೆ ಗಂಡ ಚೆಂಡುಹೂವಿನ ದೋಣಿಯಲ್ಲಿ ಮಲಗಿ ಗಾಳಿಯ ಮೇಲೆ ತೇಲಿಹೋದಂತೆ ಕಂಡಿತು. ದೋಣಿ ತಿರುವಿನಲ್ಲಿ ಮಾಯವಾದ ಮೇಲೆ, ದಾವಣಗೆರೆಯಿಂದ ಈ ತೆಲುಗು ಊರಿಗೆ ಬಂದಿದ್ದ ಗಂಡನ ಅಕ್ಕ ಸುಮಿತ್ರಾ ಅವಳ ತೋಳು ಹಿಡಿದು, ಹೆಣವಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪದ ಮುಂದೆ ಕೂರಿಸಿದಳು.

“ಅಕ್ಕಾ, ಇವತ್ತು ಮಂಗಳವಾರ. ನಾ ಆಸ್ಪತ್ರಿಗೆ ಹೋಗ್ಬೇಕು. ಮೂರನೇ ಸೂಜಿ. ತಪ್ಪಿದ್ರೆ ಮತ್ತೆ ಮೊದ್ಲಿಂದ ಹಾಕಿಸ್ಕಬೇಕಂತೆ.”

“ಹುಚ್ಚು ಹಿಡೀತೇನೇ? ತಿಥಿ ಆಗೋಗಂಟ ಹೊಸ್ತಿಲು ದಾಟಂಗಿಲ್ಲ. ಯಾವ ಸೂಜಿ ಅವನ್ನ ಉಳಿಸ್ತು?”

*

ಆಸ್ಪತ್ರೆಯವರು ಸಿಫಿಲಿಸ್ ಎನ್ನುತ್ತಿದ್ದ ಆ ಪರಂಗಿ ಹುಣ್ಣು ಅಣ್ಣಪ್ಪನಿಗೆ ಬಂದಾಗಲೆಲ್ಲ ಜೊತೆಗೊಂದು ಹೊಸ ಕತೆಯೂ ಬರುತ್ತಿತ್ತು. ಒಮ್ಮೆ ವಿಶಾಖಪಟ್ಟಣದ ಉಪ್ಪುಗಾಳಿ ಲುಂಗಿಯೊಳಗೆ ನುಗ್ಗಿತ್ತು. ಇನ್ನೊಮ್ಮೆ ಅನಕಾಪಲ್ಲಿಯಲ್ಲಿ ಬೆಲ್ಲ ತುಂಬುವಾಗ ಇರುವೆಗಳು ಲಾರಿಯನ್ನೇ ಹೊತ್ತೊಯ್ದಿದ್ದವು. ಇಳಿಸುವಾಗ ಇವನನ್ನು ಕಚ್ಚಿದ್ದವು. ಸುಲೋಚನಾ ನಂಬುತ್ತಿರಲಿಲ್ಲ, ಆದರೂ ನಗು ಬರುತ್ತಿತ್ತು. ಅವನೊಬ್ಬನೇ ಹೋಗಿ ಸೂಜಿ ಹಾಕಿಸಿಕೊಂಡು ಬರುತ್ತಿದ್ದ. ರೋಗ ಹೋದ ಹಾಗೆ ಮಾಡಿ ಮರಳುತ್ತಿತ್ತು.

ಇಬ್ಬರ ರಕ್ತದಲ್ಲೂ ಎಚ್‌ಐವಿ ಇದೆಯೆಂದು ತಿಳಿದ ದಿನವೂ ಅವನು ನಕ್ಕಿದ್ದ. “ಇಬ್ರೂ ನೆಂದಾತಲ್ಲೇ ಸುಲೂ, ಇನ್ನ ಛತ್ರಿ ಯಾಕೆ?” ಎಂದು ಆಸ್ಪತ್ರೆಯವರು ಕೊಟ್ಟ ನಿರೋಧ್ ಪೊಟ್ಟಣವನ್ನು ಅಟ್ಟಕ್ಕೆಸೆದ. ಹುಣ್ಣು ಮತ್ತೆ ಬಂತು.

ನರ್ಸ್ ಕನಕದುರ್ಗ ತನಗೆ ಬಂದ ಅರೆಗನ್ನಡದಲ್ಲಿ ಉಗಿದಳು. “ಏಮಯ್ಯಾ, ನೀನೊಬ್ಬನೇ ಹಾಕಿಸ್ಕೊಂಡ್ರೆ ಹೇಗೆ? ನಿನ್ನಿಂದ ಆಯಮ್ಮಗೆ, ಆಯಮ್ಮಯಿಂದ ನಿನಗೆ, ಇದೇ ಆಟನಾ? ಆ ದೊಡ್ಡದಕ್ಕೆ ಇನ್ನೂ ಮದ್ದು ಬಂದಿಲ್ಲ, ಇದಕ್ಕಿದೆಯಲ್ಲಾ! ಇಬ್ಬರೂ ಮೂರು ಮಂಗಳವಾರ ಬರಬೇಕು. ನಿರೋಧ್ ಬಿಡಬಾರದು.”

ಅಂತೂ ಜೊತೆಯಾಗಿ ಹೋದರು. ಸೊಂಟ ಹಿಡಿದುಕೊಂಡು ಕುಂಟುತ್ತಾ, ಒಬ್ಬರ ಮೇಲೊಬ್ಬರು ವಾಲುತ್ತಾ, ಕಾಲುವೆ ದಂಡೆಯಲ್ಲಿ ಹೊಸ ಮದುವಣಿಗರಂತೆ ನಡೆದು ಬಂದರು. ಎರಡನೇ ಮಂಗಳವಾರದ ಮೇಲೆ ಕ್ಷಯದ ಜ್ವರ ಅಣ್ಣಪ್ಪನನ್ನು ಹಾಸಿಗೆಯಿಂದ ಏಳಗೊಡಲಿಲ್ಲ.

*

ದೀಪದ ಸುತ್ತ ಹೊಗೆ ನಿಧಾನವಾಗಿ ಅಲೆಯುತ್ತಿತ್ತು. ಗುಣವಾದರೆ ಅವನು ಕೊಟ್ಟಿದ್ದರಲ್ಲಿ ಒಂದು ಕಳೆದುಹೋಗುತ್ತದಲ್ಲ ಎಂಬ ಹುಚ್ಚು ಯೋಚನೆಯೂ ಆ ಹೊಗೆಯ ಜೊತೆ ಸುಳಿಯಿತು. ಸುಲೋಚನಾ ಕಣ್ಣು ಹೊಸಕಿಕೊಂಡಳು.

“ಅಕ್ಕಾ, ನನ್ನ ಮೈಯಾಗೆ ವಾಸಿ ಆಗೋದು ಅಂತ ಇರೋದು ಇದೊಂದೇ.”

ಸುಮಿತ್ರಾ ಅವಳನ್ನು ಪಕ್ಕಕ್ಕೆ ಸರಿಸಿ, ದೀಪದ ಮುಂದೆ ತಾನೇ ಚಕ್ಕಂಬಕ್ಕಲ ಹಾಕಿ ಕೂತು ಎಣ್ಣೆ ಎರೆದಳು.

“ಹಿತ್ತಲ ಬಾಗ್ಲಿಗೆ ಹೊಸ್ತಿಲೇ ಇಲ್ಲ ನೋಡು. ಕೇಳಿದೋರಿಗೆ, ನೀರು ಹಾಕ್ಕಳಾಕೆ ಹೋಗ್ಯಾಳೆ ಅಂತೀನಿ. ಬಿರ್ರನೆ ಬಾ.”

ಆಸ್ಪತ್ರೆಯಲ್ಲಿ ಕನಕದುರ್ಗ ಸುಲೋಚನಾಳ ಬೆನ್ನ ಹಿಂದೆ ಇಣುಕಿದಳು. “ಅಣ್ಣಪ್ಪಗಾರು ಎಲ್ಲಿ? ಹೊರಗೆ ಬೀಡಿನಾ?”

ಸುಲೋಚನಾ ಮಂಚದ ಮೇಲೆ ಬೋರಲು ಮಲಗಿ ಸೀರೆ ಸಡಿಲಿಸಿದಳು.

“ಇವತ್ತು ನನಗೊಬ್ಬಳಿಗೇ ಸಿಸ್ಟರ್.”

ಸೂಜಿ ಇಳಿಯಿತು. ಕುದಿಯುವ ನೀರಿನಿಂದ ಆಗಷ್ಟೇ ತೆಗೆದಿಟ್ಟ ಇನ್ನೊಂದು ಗಾಜಿನ ಸಿರಿಂಜು ಟ್ರೇಯಲ್ಲಿ ಹಬೆಯಾಡುತ್ತಿತ್ತು.