ಎಫಿ ಮೌನ ಮುರಿದದ್ದು

ಗಂಡ ಸತ್ತು ನಾಲ್ಕು ತಿಂಗಳಾಗಿತ್ತು. ಅಂದಿನಿಂದ ಎಫಿ ಒಂದು ಮಾತೂ ಆಡಿರಲಿಲ್ಲ. ಮರುಭೂಮಿಯ ಟೆನೆಂಟ್ ಕ್ರೀಕ್ ಕಡೆಯ ಅವಳ ಮೂಲನಿವಾಸಿ ಜನರಲ್ಲಿ ಗಂಡ ಸತ್ತವಳು ಬಾಯಿ ಮುಚ್ಚುತ್ತಾಳೆ. ವರ್ಷವೋ ಎರಡು ವರ್ಷವೋ ಕಳೆದು, ಸತ್ತವನ ತಮ್ಮ ಬಂದು ತುಟಿಗೆ ರೊಟ್ಟಿ ಮುಟ್ಟಿಸುವವರೆಗೂ ಅವಳಿಗೆ ಕೈಸನ್ನೆಯೇ ಮಾತು. ಇನ್ನು ಸತ್ತವನ ಹೆಸರಂತೂ ಯಾರ ಬಾಯಲ್ಲೂ ಬರಕೂಡದು. ಹಾಗಾಗಿ ಅದು ಇಲ್ಲಿಯೂ ಬೇಡ.

ವಿಧವೆಯರ ಬಿಡಾರದಲ್ಲಿ ಅವಳ ಜೊತೆಗಿದ್ದವಳು ದೊಡ್ಡಮ್ಮನ ಮಗಳು ಟಾಪ್ಸಿ. ತನ್ನ ಮೌನ ಮುಗಿಸಿ ಹತ್ತು ವರ್ಷವಾಗಿತ್ತು, ಅಂದಿನಿಂದ ಅವಳ ಬಾಯಿಗೆ ಬಿಡುವೇ ಇರಲಿಲ್ಲ.

ಎಫಿಗೆ ಈ ಮೌನ ಭಾರವಾಗಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಬೇಕಾದದ್ದೇ ಅದು. ಸಂಜೆ ಬೆಂಕಿಯ ಪಕ್ಕ ಕೂತು ಕೈಯಲ್ಲೇ ಗಂಡನೊಂದಿಗೆ ಹರಟುವಳು: ಇವತ್ತು ಉಡ ಸಿಕ್ಕಿತು, ನಿನ್ನ ನಾಯಿ ಕುಂಟುತ್ತಿದೆ, ಚಹಾಕ್ಕೆ ನೀನು ಹಾಕುವಷ್ಟೇ ಸಕ್ಕರೆ ಹಾಕಿದ್ದೇನೆ. ಬಾಯಿ ತೆರೆದರೆ ಅವನು ನಿಜಕ್ಕೂ ಹೋದ ಹಾಗೆ. ಅಷ್ಟು ಬೇಗ ಅವನನ್ನು ಕಳಿಸಲು ಅವಳಿಗೆ ಮನಸ್ಸಿರಲಿಲ್ಲ.

ಅವನು ಕುದುರೆಯ ಮೇಲೆ ಕೂತು ದನ ಕಾದವನು. ಬಿಳಿಯ ಸವಾರನಿಗೆ ಕೊಡುವ ಕೂಲಿಯನ್ನೇ ನಮಗೂ ಕೊಡಿ ಎಂದು ಸಾವಿರದ ಒಂಬೈನೂರ ಅರವತ್ತಾರರಲ್ಲಿ ಕೆಲಸ ಬಿಟ್ಟು ಹೊರನಡೆದವರಲ್ಲಿ ಒಬ್ಬ. ಆಮೇಲೆ ಕೂಲಿಯ ಮಾತು ಬಿಟ್ಟು ನೆಲದ ಮಾತು ಹಿಡಿದ. ಅದೂ ತನ್ನ ನೆಲವಲ್ಲ; ದನದ ಕಂಪನಿ ಬೇಲಿ ಹಾಕಿಕೊಂಡು ಕೂತಿದ್ದ, ಎಫಿಯ ಅಪ್ಪನ ನೆಲ. ಅರ್ಜಿ ಬರೆಸಿದ, ಡಾರ್ವಿನ್ ಪಟ್ಟಣಕ್ಕೆ ಅಲೆದ, ಜೈಲು ಕಂಡ. ಹದಿನೆಂಟು ವರ್ಷ ಹೀಗೆ ಕೇಳಿ ಕೇಳಿ, ವಿಚಾರಣೆಯ ದಿನ ಗೊತ್ತಾದ ವಾರವೇ ಸತ್ತ.

ಆ ದಿನ ಬಂತು. ನ್ಯಾಯಾಧೀಶರು ಟೈಪಿಸ್ಟ್‌ನನ್ನು ಪಕ್ಕದಲ್ಲಿಟ್ಟುಕೊಂಡು ಸೊಪ್ಪಿನ ಚಪ್ಪರದಡಿ ಕೂತರು. ನೆಲ ಯಾರದೆಂದು ಅಲ್ಲಿ ಯಾರಿಗೆ ಗೊತ್ತಿರಲಿಲ್ಲ? ಸರ್ಕಾರಕ್ಕೆ ಮಾತ್ರ ಸಾಕ್ಷಿ ಬೇಕು, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಅಪ್ಪನ ಏಳು ನೀರುಗುಂಡಿಗಳ ಹೆಸರನ್ನು ವರಸೆಯಾಗಿ ಬಲ್ಲವಳು ಈಗ ಎಫಿ ಒಬ್ಬಳೇ. ಅವಳು ಕೈಯಲ್ಲಿ ಹೇಳಿದಳು, ಟಾಪ್ಸಿ ದನಿ ಕೊಟ್ಟಳು. ಎರಡು ಗುಡ್ಡ, ಹಕ್ಕಿ, ಸಿಹಿನೀರು. ಹೆಸರುಗಳ ಹತ್ತಿರ ಬಂದಾಗ ಕೈ ನಿಂತಿತು. ಆ ಹೆಸರುಗಳಿಗೆ ಸನ್ನೆಯಿಲ್ಲ, ಟಾಪ್ಸಿಗೆ ಅವು ಗೊತ್ತಿಲ್ಲ.

ಕಂಪನಿಯ ವಕೀಲ ಎದ್ದ. "ಸ್ವಾಮಿ, ಇದು ಸಾಕ್ಷಿ ಮಾತೋ, ಈ ಅಜ್ಜಿ ಮಾತೋ? ಹೆಸರು ಗೊತ್ತಿದ್ರೆ ಬಾಯಲ್ಲಿ ಹೇಳ್ಲಿ. ಇಲ್ಲಾಂದ್ರೆ ಗೊತ್ತಿಲ್ಲ ಅಂತ ಬರ್ಕೊಳ್ಳಿ."

"ಯಾರಪ್ಪಾ ಅಜ್ಜಿ? ನಿನ್ನ ಮೂತಿ ನೋಡಿದ್ರೆ ನೀನೇ ನಂಗಿಂತ ಮುದುಕ ಕಾಣ್ತೀಯ!" ಅಂದಳು ಟಾಪ್ಸಿ.

ಚಪ್ಪರವೆಲ್ಲ ನಕ್ಕಿತು, ನ್ಯಾಯಾಧೀಶರು ನಗಲಿಲ್ಲ. ಊಟವಾದ ಮೇಲೂ ಹೆಸರು ಬಾರದಿದ್ದರೆ ಆ ನೆಲವನ್ನು ಅರ್ಜಿಯಿಂದ ಕೈಬಿಡಬೇಕಾಗುತ್ತದೆ ಎಂದು ಹೇಳಿ ಎದ್ದರು.

ಎಫಿಯ ಮೈದುನ ರೂಫಸ್ ರೊಟ್ಟಿ ಹಿಡಿದು ಬಂದು ಅವಳ ಪಕ್ಕ ಕೂತ. "ಅತ್ಗೆ, ನಾನಾಗಿ ಬಲವಂತ ಮಾಡಲ್ಲ. ನೀವು ಹೂಂ ಅಂದ್ರೆ ಈಗ್ಲೇ ಬಾಯಿ ತೆರೆಸ್ತೀನಿ. ಇಷ್ಟು ಬೇಗ್ನಾ ಅಂತ ಯಾರಾದ್ರೂ ಆಡ್ಕೊಂಡ್ರೆ ನನ್ನ ಹತ್ರ ಬರ್ಲಿ."

"ಬಾಯಿದ್ದೋನು ಬರಗಾಲದಲ್ಲೂ ಬದುಕಿದ ಅಂತಾರೆ," ಅಂದಳು ಟಾಪ್ಸಿ. ಆಮೇಲೆ ಮೆಲ್ಲಗೆ, "ನಿನ್ನಿಷ್ಟ ಕಣೇ. ಅದು ಹೆಂಗಿರತ್ತೆ ಅಂತ ನಂಗೂ ಗೊತ್ತು."

ಎಫಿ ತನ್ನ ಕೈಗಳನ್ನೇ ನೋಡಿಕೊಂಡಳು. ಅವಳಿಗೆ ಅವನು ಬೇಕಾಗಿತ್ತು. ನೆಲಕ್ಕಿಂತ, ನೀರಿಗಿಂತ, ಅವನೇ. ಇನ್ನೊಂದೇ ಒಂದು ವರ್ಷ ಹೀಗೆ ಅವನೊಂದಿಗೆ ಇದ್ದುಬಿಡುವ ಆಸೆ. ಆದರೆ ಹದಿನೆಂಟು ವರ್ಷ ಅವನು ಕೇಳಿದ್ದು ಅವಳಿಗಾಗಿ. ಮಡಿಲಲ್ಲೇ ಕೈಯಾಡಿಸಿ ಅವನಿಗೆ ಹೋಗಿ ಬಾ ಎಂದಳು. ಆಮೇಲೆ ರೂಫಸ್‌ನ ಎದುರು ಮಂಡಿಯೂರಿದಳು. ಬೂದಿಯಲ್ಲಿ ಸುಟ್ಟ ರೊಟ್ಟಿಯ ಚೂರೊಂದನ್ನು ಅವನು ಅವಳ ತುಟಿಗೆ ಮುಟ್ಟಿಸಿದ.

ಮಧ್ಯಾಹ್ನ ಎಫಿಯ ಗಂಟಲಿನಿಂದ ಬಂದ ದನಿ ಅವಳಿಗೇ ಗುರುತು ಸಿಗಲಿಲ್ಲ. ಆದರೂ ಏಳು ಹೆಸರುಗಳನ್ನು, ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ನಡೆದ ವರಸೆಯಲ್ಲೇ, ಒಂದೂ ತಪ್ಪದೆ ಹೇಳಿದಳು. ಕಂಪನಿಯ ವಕೀಲ ಕನ್ನಡಕ ಒರೆಸಿಕೊಳ್ಳುತ್ತ ಕೂತ.

"ಎಲ್ಲ ಬರ್ಕೊಂಡಾಯ್ತಮ್ಮ," ಅಂದರು ನ್ಯಾಯಾಧೀಶರು, ಈಗ ಮೆತ್ತಗಿನ ದನಿಯಲ್ಲಿ. "ಇನ್ನೊಂದೇ ಪ್ರಶ್ನೆ. ಈ ನೆಲ ವಾಪಸ್ ಬೇಕು ಅಂತ ಮೊದಲು ಕೇಳಿದ್ದು ಯಾರು?"

ಎಫಿಗೆ ಈಗ ಬಾಯಿಯಿತ್ತು, ದನಿಯಿತ್ತು. ಮೂವತ್ತು ವರ್ಷ ದಿನವೂ ಕರೆದ ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಅವಳು ಕೈ ಎತ್ತಿ, ಸಂಜೆಯ ಬೆಂಕಿಯೆದುರು ಕರೆಯುತ್ತಿದ್ದ ಹಾಗೆಯೇ, ಅವನನ್ನು ಕರೆದಳು. ಚಪ್ಪರದಡಿ ಅವಳ ಜನರೆಲ್ಲ ತಲೆ ತಗ್ಗಿಸಿದರು. ನ್ಯಾಯಾಧೀಶರು ಟಾಪ್ಸಿಯ ಕಡೆ ನೋಡಿದರು. ಟಾಪ್ಸಿ ಕೂಡ ಬಾಯಿ ಬಿಡಲಿಲ್ಲ.

ಟೈಪಿಸ್ಟ್ ಸ್ವಲ್ಪ ಹೊತ್ತು ಕಾದು, "ಉತ್ತರವಿಲ್ಲ" ಎಂದು ಹೊಡೆದ.