ಮಡ್ಡಿ ಕದಡದ ಹೆಡ್ಲಿ

ಯಾರ್ಕ್‌ಷೈರಿನ ನಮ್ಮ ಬೀದಿಯ ಹೆಡ್ಲಿ ಬಾಟಮ್ಲಿ ಎಂಬಾತ ಮನುಷ್ಯರ ನಡುವೆ ಗಿರಣಿಯ ಲಾಳಿಯಂತೆ ದಡಬಡನೆ ಓಡಾಡುತ್ತಿದ್ದರೂ, ಮನೆಯಲ್ಲಿ ತಾನೇ ಹುದುಗಿಸಿದ ಬಿಯರಿನ ಪೀಪಾಯಿಯ ಬಳಿ ಮಾತ್ರ, ಆಗತಾನೇ ಕಣ್ಣುಮುಚ್ಚಿದ ಕೂಸಿನ ತೊಟ್ಟಿಲನ್ನು ಹಾದುಹೋಗುವವನಂತೆ ತುದಿಗಾಲಲ್ಲಿ ನಡೆಯುತ್ತಿದ್ದ. ಬಿಯರನ್ನು ಹುದುಗಿಸಿ ತಳದಲ್ಲಿ ಕೂತ ಯೀಸ್ಟಿನ ಮಡ್ಡಿ ಮೇಲೇಳಬಾರದು; ಚರ್ಚು ತಪ್ಪಿಸುವ ಆತನಿಗೆ ಇದೊಂದೇ ಧರ್ಮಶ್ರದ್ಧೆ. ಬಾಟಲಿಗೆ ತುಂಬುವ ಮುನ್ನ ತಿಳಿಯನ್ನಷ್ಟೇ ರಬ್ಬರ್ ಕೊಳವೆಯಿಂದ ನೆಲದ ಮೇಲಿನ ಬಕೆಟ್ಟಿಗೆ ಇಳಿಸುವ ಭಾನುವಾರ, ಹಿತ್ತಲ ಷೆಡ್ಡಿನಲ್ಲಿ ಬಾಗಿಲು ಬಡಿಯುವಂತಿಲ್ಲ, ಸೀನುವಂತಿಲ್ಲ. ಹೆಡ್ಲಿ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ತೆಗೆದು ಕೋಟಿನ ಜೇಬಿಗಿಳಿಸಿ, ಬೊಚ್ಚುಬಾಯಿಂದ ಕೊಳವೆ ಹೀರಿ ಧಾರೆ ಹಿಡಿಸುತ್ತಿದ್ದ. ಮಗಳು ಬೆರಿಲ್ ತಂದುಕೊಟ್ಟ ಕೈಪಂಪು ಗೂಟದಲ್ಲಿ ನೇತಾಡುತ್ತಿತ್ತು. "ಪಂಪಿಗೆ ರುಚಿ ಗೊತ್ತಾಗತ್ತೇನೇ?" ಎಂಬುದು ಆತನ ವಾದ.

ಆ ಬೆರಿಲ್‌ಳಿಗೆ ಮದುವೆ ಕೂಡಿಬಂತು. ವರನ ತಂದೆ ಸೆಲ್ವಿನ್ ಪಬ್ಬೊಂದರ ಮಾಲೀಕ, ಬೀಗನಾಗುವವನು ಬೀಗದಿರುತ್ತಾನೆಯೇ? ನಿಶ್ಚಿತಾರ್ಥದ ದಿನ ಎಲ್ಲರೆದುರು, "ಮನೇಲಿ ಮಾಡಿದ ಬಿಯರಾ? ಕೆಸರುನೀರು ಕುಡಿಯೋಕೆ ನಮ್ಮ ನೆಂಟರೇನು ಬಾತುಕೋಳಿಗಳಾ?" ಎಂದುಬಿಟ್ಟ.

"ಮದ್ವೆಗೆ ನನ್ನ ಬಿಯರೇ. ಒಂದು ಲೋಟ ಮಬ್ಬಾಗಿದ್ರೂ ಅಷ್ಟನ್ನೂ ಚರಂಡಿಗೆ ಸುರೀತೀನಿ," ಎಂದು ಹೆಡ್ಲಿ ಸವಾಲೆಸೆದು ಬಂದ.

ಸವಾಲಿನ ಬಿಯರನ್ನು ಇಳಿಸುವ ಭಾನುವಾರ, ಮದುವೆಗೆಂದು ಕೊಂಡ ಹೊಸ ಬೂಟು ಮೆಟ್ಟಿಕೊಂಡು ಸೆಲ್ವಿನ್ ಪರೀಕ್ಷೆಗೇ ಬಂದ. ಧಾರೆ ಚಿನ್ನದ ಎಳೆಯಂತೆ ಇಳಿಯುತ್ತಿತ್ತು. ಪೀಪಾಯಿಯಲ್ಲಿ ಅಂಗುಲವಷ್ಟೇ ಉಳಿದಾಗ ಹೆಡ್ಲಿ ಕೊಳವೆ ತೆಗೆಯಲು ಕೈಚಾಚಿದ. ಆದರೆ ಒಂದು ಗುಟುಕು ವ್ಯರ್ಥವಾದರೂ ಯಾರ್ಕ್‌ಷೈರಿನವನ ಕರುಳು ಕಿವುಚುತ್ತದೆ. "ಅಯ್ಯೋ, ಇನ್ನೂ ಎರಡು ಬಾಟ್ಲಿ ಆಗತ್ತಲ್ಲೋ ಮಾರಾಯಾ!" ಎನ್ನುತ್ತ ಸೆಲ್ವಿನ್ ಪರೋಪಕಾರಬುದ್ಧಿಯಿಂದ ಪೀಪಾಯಿಯನ್ನು ವಾಲಿಸಿಯೇಬಿಟ್ಟ. ಮಡ್ಡಿ ಕಾರ್ಮೋಡದಂತೆ ಎದ್ದು ಕೊಳವೆಗೆ ನುಗ್ಗಿತು. ಕೂಗೋಣವೆಂದರೆ ಬಾಯಲ್ಲಿ ಹಲ್ಲಿಲ್ಲ. ಹೆಡ್ಲಿ ಕೊಳವೆಯ ಕೆಳತುದಿಯನ್ನು ಬಕೆಟ್ಟಿನಿಂದ ಸೆಳೆದು, ಬೇರೆ ದಿಕ್ಕು ತೋಚದೆ, ಬೀಗರ ಹೊಸ ಬೂಟಿನೊಳಕ್ಕೆ ತೂರಿಸಿದ.

"ಮುಗೀತು, ಮದ್ವೇನೂ ನೆನೆದುಹೋಯ್ತು!" ಎಂದು ಬಾಗಿಲಲ್ಲಿ ನಿಂತಿದ್ದ ಹೆಡ್ಲಿಯ ಹೆಂಡತಿ ಎನಿಡ್ ಎದೆ ಹಿಡಿದುಕೊಂಡಳು.

ಸೆಲ್ವಿನ್ ಪಚಪಚನೆ ಒಂದು ಹೆಜ್ಜೆ ಇಟ್ಟು ನೋಡಿದ. "ಬೂಟಿಗೆ ಸಾಕು ಕಣೋ. ಇನ್ನು ಬಾಯಿಗೂ ಒಂಚೂರು ಕೊಡು," ಎಂದ. ಬಕೆಟ್ಟಿನಿಂದ ತುಂಬಿಕೊಟ್ಟ ಗಾಜಿನ ಲೋಟವನ್ನು ಕಿಟಕಿಗೆ ಹಿಡಿದರೆ, ಆಚೆಯ ಗಿರಣಿ ಚಿಮಣಿಯ ಒಂದೊಂದು ಇಟ್ಟಿಗೆಯೂ ಕಂಡಿತು. ಗುಟುಕರಿಸಿ ದನಿ ತಗ್ಗಿಸಿದ: "ಲೇ ಹೆಡ್ಲಿ, ಇದು ನನ್ನ ಪಬ್ಬಿಂದಕ್ಕಿಂತ ತಿಳಿ. ಯಾರಿಗೂ ಹೇಳ್ಬೇಡ."

ಮದುವೆಯಲ್ಲಿ ಬಡಿಸಲು ನಿಂತವನೂ ಸೆಲ್ವಿನ್ನೇ. ಬಾಟಲಿಯೊಳಗೂ ಬಿಯರ್ ಒಂದಿಷ್ಟು ಹುದುಗಿ ತಳದಲ್ಲಿ ಚೂರು ಮಡ್ಡಿ ಕೂರುತ್ತದೆ; ಯಾರೋ ಬಾಟಲಿಯನ್ನು ತಲೆಕೆಳಗು ಮಾಡಹೊರಟರೆ ಗಬಕ್ಕನೆ ಮಣಿಕಟ್ಟು ಹಿಡಿದು, "ಕೊನೇದು ಬಿಡೋ ದಡ್ಡಾ, ಅದು ಮಡ್ಡಿ!" ಎಂದು ಗದರುತ್ತಿದ್ದ. ಹೆಡ್ಲಿ ಮೂಲೆಯಲ್ಲಿ ನಿಂತು, ಶಿಷ್ಯನ ಪಾಠ ಕೇಳುವ ಗುರುವಿನಂತೆ ತಲೆದೂಗುತ್ತಿದ್ದ.

ಕೊನೆಯ ಹನಿಯವರೆಗೂ ಬಾಚಿಕೊಳ್ಳಬಲ್ಲವರು ಊರ ತುಂಬ ಇದ್ದಾರೆ. ಇಷ್ಟು ಸಾಕೆಂದು ಅಂಗುಲ ಬಿಟ್ಟು ಕೈ ಹಿಂದೆಗೆಯುವವರು ವಿರಳ. ರಸಕ್ಕೆ ಜೀವ ಕೊಟ್ಟದ್ದು ಆ ಮಡ್ಡಿಯೇ ಎಂಬುದನ್ನು ಅವರು ಮರೆಯರು. ಅದನ್ನು ಹಳಿಯುವುದೂ ಇಲ್ಲ, ಕಲಕುವುದೂ ಇಲ್ಲ. ಅಂಥವರ ನೆರೆಯಲ್ಲಿ ಬಾಳುವವರ ಬೂಟು ಒಮ್ಮೊಮ್ಮೆ ಒದ್ದೆಯಾದೀತು. ಲೋಟ ಮಾತ್ರ ಸದಾ ತಿಳಿ.